ಪ್ಲಾಸ್ಟಿಕ್ ಮೈ, ಉಕ್ಕಿನ ಎಲುಬು

ಪಿಸ್ತೂಲಿಗೆ ಪ್ಲಾಸ್ಟಿಕ್ ಬಂದು ಅರ್ಧ ಶತಮಾನ ದಾಟಿತು. ಎಕ್ಸ್‌-ರೇ ಯಂತ್ರದ ಕಣ್ಣಿಗೆ ಮಣ್ಣೆರಚುತ್ತದೆ ಎಂಬ ಪುಕಾರು ಎಂದೋ ಸುಳ್ಳಾಯಿತು. ಅಸಲಿ ಕುತೂಹಲ ಬೇರೆಯೇ ಇದೆ. ಪ್ಲಾಸ್ಟಿಕ್ ಎಲ್ಲಿ ಮುಗಿಯಬೇಕು, ಉಕ್ಕು ಎಲ್ಲಿ ಶುರುವಾಗಬೇಕು? ಒಬ್ಬೊಬ್ಬ ತಯಾರಕನದು ಒಂದೊಂದು ಉತ್ತರ. ಕಾನೂನು ಯಾವುದನ್ನು ‘ಬಂದೂಕು’ ಎನ್ನಬೇಕು ಎಂಬುದೂ ಆ ಉತ್ತರಕ್ಕೇ ಜೋತುಬಿದ್ದಿದೆ!

ಕ್ರಿಸ್‌ಮಸ್ ಹಿಂದಿನ ರಾತ್ರಿ. ವಾಷಿಂಗ್ಟನ್‌ನ ಡಲಸ್ ವಿಮಾನ ನಿಲ್ದಾಣ. ಹೊರಗೆ ಹಿಮ ಸುರಿಯುತ್ತಿದೆ. ಲಗೇಜು ಸಾಗುವ ಬೆಲ್ಟುಗಳ ನಡುವೆ ಹೊಡೆದಾಡಿ ಒಬ್ಬನನ್ನು ಕೊಂದು ಬಂದ ಪೊಲೀಸ್ ಅಧಿಕಾರಿ ಜಾನ್ ಮೆಕ್ಲೇನ್, ನಿಲ್ದಾಣದ ಪೊಲೀಸ್ ಮುಖ್ಯಸ್ಥನ ಎದುರು ಕೂಗಾಡುತ್ತಿದ್ದಾನೆ. ಸತ್ತವನ ಕೈಯಲ್ಲಿದ್ದದ್ದು ‘ಗ್ಲಾಕ್ 7’ ಎಂಬ ಪಿಸ್ತೂಲಂತೆ. ಪಿಂಗಾಣಿಯದಂತೆ. ಜರ್ಮನಿಯದಂತೆ. ಎಕ್ಸ್‌-ರೇ ಯಂತ್ರಕ್ಕೆ ಕಾಣುವುದೇ ಇಲ್ಲವಂತೆ.

1990ರಲ್ಲಿ ತೆರೆಕಂಡ ‘ಡೈ ಹಾರ್ಡ್ 2’ ಚಿತ್ರದ ಈ ಮಾತು ಒಂದು ನಿಮಿಷವೂ ಇಲ್ಲ. ಅಷ್ಟರೊಳಗೇ ಇಷ್ಟೊಂದು ಸುಳ್ಳು! ಗ್ಲಾಕ್ 7 ಎಂಬ ಮಾದರಿ ಇರಲಿಲ್ಲ. ಪಿಂಗಾಣಿ ಪಿಸ್ತೂಲನ್ನು ಆ ಕಂಪನಿ ಮಾಡಿಯೇ ಇಲ್ಲ. ಅದು ಜರ್ಮನಿಯದಲ್ಲ, ಆಸ್ಟ್ರಿಯಾದ್ದು. ತೆರೆಯ ಮೇಲೆ ಕಾಣಿಸಿದ್ದು ಉಕ್ಕಿನ ನಳಿಗೆ, ಉಕ್ಕಿನ ಸ್ಲೈಡ್ ಇರುವ ಸಾಮಾನ್ಯ ಗ್ಲಾಕ್ 17. ಅದರ ತೂಕದಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಲೋಹವೇ.

ಆದರೂ ಜನ ನಂಬಿದರು, ಏಕೆಂದರೆ ನಂಬುವುದಕ್ಕೆ ನೆಲ ಹದವಾಗಿತ್ತು. 1986ರ ಜನವರಿಯಲ್ಲಿ ಅಮೆರಿಕದ ಅಂಕಣಕಾರ ಜಾಕ್ ಆ್ಯಂಡರ್ಸನ್, ಲಿಬಿಯಾದ ಗಡಾಫಿ ಆಸ್ಟ್ರಿಯಾದ ಪ್ಲಾಸ್ಟಿಕ್ ಪಿಸ್ತೂಲುಗಳನ್ನು ಕೊಳ್ಳಲು ಹವಣಿಸುತ್ತಿದ್ದಾನೆ ಎಂದು ಬರೆದರು. ವಿಮಾನ ಅಪಹರಣಗಳ ಕಾಲ ಅದು. ಗುಲ್ಲೆದ್ದಿತು, ಸಂಸತ್ತಿನಲ್ಲಿ ವಿಚಾರಣೆ ನಡೆಯಿತು. 1988ರಲ್ಲಿ ಅಧ್ಯಕ್ಷ ರೇಗನ್ ಸಹಿಯೊಂದಿಗೆ ಕಾನೂನೇ ಬಂತು. ಯಾವುದೇ ಬಂದೂಕು ಕನಿಷ್ಠ 3.7 ಔನ್ಸ್, ಅಂದರೆ 105 ಗ್ರಾಂ ಉಕ್ಕಿನಷ್ಟಾದರೂ ಲೋಹಶೋಧಕಕ್ಕೆ ಕಾಣಿಸಲೇಬೇಕು ಎಂಬುದು ಅದರ ತಿರುಳು. ಗ್ಲಾಕ್‌ನಲ್ಲಿ ಆ ಹೊತ್ತಿಗಾಗಲೇ ಇದರ ನಾಲ್ಕೈದು ಪಟ್ಟು ಉಕ್ಕಿತ್ತು. ಅಂದರೆ ಆಗಿನ್ನೂ ಹುಟ್ಟದೇ ಇದ್ದ ಪಿಸ್ತೂಲನ್ನು ನಿಷೇಧಿಸಿದ ಕಾನೂನು ಅದು.

ಒಂದೂವರೆ ಟನ್ ತಡೆಯುವವರು ಯಾರು?

ಪ್ಲಾಸ್ಟಿಕ್ ಎಂದ ಕೂಡಲೇ ಏಳುವ ಮೊದಲ ಪ್ರಶ್ನೆ, ಸಿಡಿಯುವುದಿಲ್ಲವೇ ಎಂಬುದು. ಸಹಜ. 9 ಎಂಎಂ ಗುಂಡು ಹಾರುವಾಗ ನಳಿಗೆಯೊಳಗಿನ ಒತ್ತಡ 2,350 ಬಾರ್‌ವರೆಗೆ ಹೋಗಬಹುದು. ಗುಂಡಿನ ಬುಡದ ಅಗಲಕ್ಕೆ ಲೆಕ್ಕ ಹಾಕಿದರೆ ಸುಮಾರು ಒಂದೂವರೆ ಟನ್ ನೂಕು. ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು, ನಿಜ. ಆದರೂ ಒಂದೂವರೆ ಟನ್.

ಈ ಏಟನ್ನು ತಿನ್ನುವುದು ಫ್ರೇಮ್, ಅಂದರೆ ಹಿಡಿಯೂ ಸೇರಿದ ಕೆಳಗಿನ ಮೈ, ಅಲ್ಲ. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ ಪದ್ಧತಿಯಲ್ಲಿ ಗುಂಡು ಹಾರುವ ಕ್ಷಣಕ್ಕೆ ನಳಿಗೆಯೂ ಅದರ ಮೇಲಿನ ಸ್ಲೈಡೂ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಉಕ್ಕು ಉಕ್ಕನ್ನು ಹಿಡಿದಿರುತ್ತದೆ. ಎರಡೂ ಕೂಡಿಯೇ ಒಂದಿಷ್ಟು ಹಿಂದೆ ಸರಿಯುತ್ತವೆ. ಅಷ್ಟರಲ್ಲಿ ಗುಂಡು ಹೊರಬಿದ್ದು ಒತ್ತಡ ಇಳಿದಿರುತ್ತದೆ. ಆಮೇಲೆ ನಳಿಗೆಯ ಹಿಂತುದಿ ಕೆಳಗೆ ಬಾಗಿ ಕಳಚಿಕೊಳ್ಳುತ್ತದೆ, ಸ್ಲೈಡ್ ಒಂದೇ ಹಿಂದಕ್ಕೆ ಓಡುತ್ತದೆ.

ಫ್ರೇಮ್‌ನ ಪಾಲಿಗೆ ಉಳಿಯುವ ಕೆಲಸ ಮೂರು. ಸ್ಲೈಡ್‌ಗೆ ಹಳಿ ಹಾಸುವುದು, ಹಿಂದಕ್ಕೆ ಬಂದ ಸ್ಲೈಡನ್ನು ತಡೆದು ನಿಲ್ಲಿಸುವುದು, ಟ್ರಿಗರ್ ಮತ್ತು ಮ್ಯಾಗಜೀನನ್ನು ಅಂಗೈಯೊಳಗೆ ಹಿಡಿದಿಡುವುದು. ಇದಕ್ಕೆಲ್ಲ ಲೋಹದ ಗಟ್ಟಿ ದಿಮ್ಮಿಯನ್ನೇ ಕಡೆದು ಫ್ರೇಮ್ ಮಾಡುತ್ತಿದ್ದುದು ಬೇರೆ ಹಾದಿ ಇಲ್ಲವೆಂದಲ್ಲ, ಬೇರೆ ಹಾದಿಯನ್ನು ಯಾರೂ ಹುಡುಕಿರಲಿಲ್ಲವೆಂದು.

ಹಾದಿ ಹುಡುಕಿದವರು ಜರ್ಮನಿಯ ಓಬರ್ನ್‌ಡಾರ್ಫ್‌ನ ಹೆಕ್ಲರ್ ಆ್ಯಂಡ್ ಕಾಖ್ ಕಂಪನಿಯವರು. 1970ರಲ್ಲಿ ಬಂದ ಅವರ ‘ವಿಪಿ70’ ಪ್ಲಾಸ್ಟಿಕ್ ಫ್ರೇಮ್‌ನ ಮೊದಲ ಪಿಸ್ತೂಲು. 18 ಗುಂಡುಗಳ ಮ್ಯಾಗಜೀನ್. ಹಿಂದೆ ಭುಜದ ಕಟ್ಟು ಸಿಕ್ಕಿಸಿದರೆ ಒಂದೇ ಒತ್ತಿಗೆ ಮೂರು ಗುಂಡು ಹಾರಿಸುವ ಚಮತ್ಕಾರ ಬೇರೆ. ಸೋತದ್ದು ಪ್ಲಾಸ್ಟಿಕ್‌ನಿಂದಲ್ಲ, ಟ್ರಿಗರ್‌ನಿಂದ. ಅದನ್ನು ಎಳೆಯುವಷ್ಟರಲ್ಲಿ ಗುರಿ ಅಲ್ಲಾಡಿ ಹೋಗುತ್ತಿತ್ತು. 1980ರ ದಶಕ ಮುಗಿಯುವ ಹೊತ್ತಿಗೆ ಅದರ ತಯಾರಿಕೆಯೂ ಮುಗಿಯಿತು. ಮೊದಲು ಹುಟ್ಟಿದವನಿಗೆ ಹೆಸರು ಸಿಕ್ಕಿತು, ಆಸ್ತಿ ಸಿಗಲಿಲ್ಲ.

▪ ಬಾಕ್ಸ್: ಆರು ಗುರಿ ಮಾತ್ರ ತಪ್ಪಿತು!

ಪಿಸ್ತೂಲಿಗಿಂತ ಮೊದಲು ಪ್ಲಾಸ್ಟಿಕ್ ಪರೀಕ್ಷೆಗೆ ಒಡ್ಡಿಕೊಂಡದ್ದು ರೈಫಲ್‌ನಲ್ಲಿ. ನೈಲಾನ್ ಕಂಡುಹಿಡಿದ ಅಮೆರಿಕದ ಡುಪಾಂಟ್ ಕಂಪನಿಯ ಕೈಯಲ್ಲೇ ರೆಮಿಂಗ್ಟನ್ ಬಂದೂಕು ಕಂಪನಿಯೂ ಇತ್ತು. 1959ರಲ್ಲಿ ರೆಮಿಂಗ್ಟನ್ ‘ನೈಲಾನ್ 66’ ಎಂಬ .22 ರೈಫಲ್ ತಂದಿತು. ಮರದ ಹಿಡಿ ಇಲ್ಲದ ಬಂದೂಕೇ ಎಂದು ಬೇಟೆಗಾರರು ಮೂಗು ಮುರಿದರು. ಕಂಪನಿಯ ಟಾಮ್ ಫ್ರೈ ಅದೇ ವರ್ಷ ಗಾಳಿಗೆ ತೂರಿದ 1,00,010 ಮರದ ತುಂಡುಗಳಿಗೆ ಈ ರೈಫಲ್‌ಗಳಿಂದ ಗುರಿಯಿಟ್ಟರು. ತಪ್ಪಿದ್ದು ಆರೇ ಆರು. ತಯಾರಿಕೆ ನಿಲ್ಲುವ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ನೈಲಾನ್ 66 ಮಾರಾಟವಾಗಿದ್ದವು.

ಪರದೆ ಕಂಬಿಯ ಮನುಷ್ಯ

ಆಸ್ತಿ ಮಾಡಿದವನು ಬಂದೂಕಿನ ಗಂಧವೇ ಇಲ್ಲದವನು. ವಿಯೆನ್ನಾ ಬಳಿಯ ಡಾಯ್ಚ್-ವಾಗ್ರಾಮ್ ಎಂಬ ಸಣ್ಣ ಊರಿನಲ್ಲಿ ಗಾಸ್ಟನ್ ಗ್ಲಾಕ್ ಪರದೆ ತೂಗುಹಾಕುವ ಕಂಬಿಗಳನ್ನು ಮಾಡುತ್ತಿದ್ದ. ಆಸ್ಟ್ರಿಯಾದ ಸೇನೆಗೆ ಚಾಕು, ಗುದ್ದಲಿ ಪೂರೈಸುತ್ತಿದ್ದ. ಚಾಕುವಿನ ಹಿಡಿ, ಒರೆಗಳಿಗಾಗಿ ಪ್ಲಾಸ್ಟಿಕ್ ಅಚ್ಚಿನ ಯಂತ್ರ ಅವನಲ್ಲಿತ್ತು. ಗಮನಿಸಬೇಕಾದ ಸಂಗತಿ ಇದೇ. ಬಂದೂಕು ಗೊತ್ತಿದ್ದವರಿಗೆ ಪ್ಲಾಸ್ಟಿಕ್ ಗೊತ್ತಿರಲಿಲ್ಲ. ಇವನಿಗೆ ಪ್ಲಾಸ್ಟಿಕ್ ಗೊತ್ತಿತ್ತು, ಬಂದೂಕಿನವರನ್ನು ಕೂರಿಸಿ ಕೇಳಿಕೊಂಡ.

1980ರಲ್ಲಿ ಆಸ್ಟ್ರಿಯಾದ ಸೇನೆ ಎರಡನೇ ಮಹಾಯುದ್ಧ ಕಾಲದ ವಾಲ್ಟರ್ ಪಿ38 ಪಿಸ್ತೂಲುಗಳನ್ನು ಬದಲಿಸಲು ಹೊರಟಿತ್ತು. ಷರತ್ತುಗಳು ಕಟ್ಟುನಿಟ್ಟು. 58ಕ್ಕಿಂತ ಹೆಚ್ಚು ಬಿಡಿಭಾಗ ಇರಕೂಡದು, ಎರಡು ಮೀಟರ್ ಎತ್ತರದಿಂದ ಬಿದ್ದರೂ ತಾನಾಗಿ ಹಾರಕೂಡದು, ಇತ್ಯಾದಿ. ಗ್ಲಾಕ್‌ನ ಪಿಸ್ತೂಲಿನಲ್ಲಿದ್ದದ್ದು 34 ಭಾಗ. ಹೊಸ ಮಾದರಿಗಳನ್ನು ಮನೆಯ ನೆಲಮಾಳಿಗೆಯಲ್ಲಿ ಎಡಗೈಯಲ್ಲಿ ಹಾರಿಸಿ ನೋಡುತ್ತಿದ್ದನಂತೆ. ಸಿಡಿದರೆ ನಕ್ಷೆ ಬರೆಯಲು ಬಲಗೈಯಾದರೂ ಉಳಿಯಲಿ ಎಂದು!

1982ರಲ್ಲಿ ಸೇನೆ ಅವನದನ್ನೇ ಆರಿಸಿತು. ‘ಪಿ80’ ಎಂಬುದು ಸೇನೆ ಇಟ್ಟ ಹೆಸರು, ಪೇಟೆಯಲ್ಲಿ ಗ್ಲಾಕ್ 17.    2023ರ ಡಿಸೆಂಬರ್ 27ರಂದು ತೀರಿಕೊಂಡಾಗ ಅವನ ವಯಸ್ಸು 94.

ಅಚ್ಚಿನೊಳಗೆ ಹೂತ ನಾಲ್ಕು ತುಣುಕು

ಗ್ಲಾಕ್‌ನ ಫ್ರೇಮ್ ಹುಟ್ಟುವುದು ಪೀಣ್ಯದ ಶೆಡ್ಡುಗಳಲ್ಲಿ ಬಕೆಟ್ಟು, ಕುರ್ಚಿ ಹುಟ್ಟುವ ಹಾಗೆಯೇ. ನೈಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಕಾಸಿ, ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸಿ, ತಣಿಸಿ ಹೊರತೆಗೆಯುವುದು. ಉಕ್ಕಿನ ಫ್ರೇಮನ್ನು ಒಂದಾದ ಮೇಲೊಂದು ಯಂತ್ರಕ್ಕೆ ಕೊಟ್ಟು ಕಡೆಯುವಲ್ಲಿ ಗಂಟೆಗಳು ಹೋಗುತ್ತಿದ್ದವು. ಇಲ್ಲಿ ಲೆಕ್ಕ ನಿಮಿಷದ್ದು. ಅಗ್ಗವಾಗಲು ಕಾರಣ ಪ್ಲಾಸ್ಟಿಕ್‌ನ ಬೆಲೆಗಿಂತ ಹೆಚ್ಚಾಗಿ ಈ ಉಳಿದ ಯಂತ್ರದ ಹೊತ್ತು.

ಪ್ಲಾಸ್ಟಿಕ್ ನುಗ್ಗಿಸುವ ಮೊದಲೇ ಅಚ್ಚಿನೊಳಗೆ ಉಕ್ಕಿನ ಸಣ್ಣ ತುಂಡುಗಳನ್ನು ಇಟ್ಟಿರುತ್ತಾರೆ. ಕಾದ ನೈಲಾನ್ ಅವುಗಳ ಸುತ್ತ ಹರಿದು ಗಟ್ಟಿಯಾಗುತ್ತದೆ. ಸಿದ್ಧವಾದ ಫ್ರೇಮ್‌ನ ಮೇಲಂಚಿನಲ್ಲಿ ನಾಲ್ಕು ಪುಟ್ಟ ಉಕ್ಕಿನ ನಾಲಿಗೆಗಳು ಮಾತ್ರ ಹೊರಗೆ ಇಣುಕುತ್ತವೆ, ಮುಂದೆರಡು, ಹಿಂದೆರಡು. ಇಡೀ ಸ್ಲೈಡ್ ಓಡುವುದು ಈ ನಾಲ್ಕರ ಮೇಲೆ! ಹಳೆಯ ಉಕ್ಕಿನ ಪಿಸ್ತೂಲುಗಳ ಉದ್ದನೆಯ ಹಳಿ ನೋಡಿದವರಿಗೆ ಇದು ಜಿಪುಣತನ. ಆದರೆ ತಾಗುವ ಜಾಗ ಕಡಿಮೆಯಾದಷ್ಟೂ ಮಣ್ಣು, ಮರಳು ಸಿಕ್ಕಿಕೊಳ್ಳುವ ಜಾಗವೂ ಕಡಿಮೆ.

ಮುಂಭಾಗದ ಅಡಿಯಲ್ಲಿ ಇನ್ನೊಂದು ಲೋಹದ ಚೂರು ಹೂತಿದೆ. ಅದರ ಮೇಲೆ ಪಿಸ್ತೂಲಿನ ಕ್ರಮಸಂಖ್ಯೆ. ಅಮೆರಿಕದ ಕಾನೂನಿನ ದೃಷ್ಟಿಯಲ್ಲಿ ಬಂದೂಕು ಎಂದರೆ ಫ್ರೇಮ್. ನಳಿಗೆ, ಸ್ಲೈಡ್ ಎಲ್ಲ ಬಿಡಿಭಾಗ. ಆದ್ದರಿಂದ ಸಂಖ್ಯೆ ಫ್ರೇಮ್‌ನ ಮೇಲೆಯೇ ಇರಬೇಕು. ಪ್ಲಾಸ್ಟಿಕ್ ಮೇಲೆ ಕೊರೆದ ಅಂಕಿಯನ್ನು ಕೆರೆದು ತೆಗೆಯುವುದು ಸುಲಭ, ಹಾಗಾಗಿ ಲೋಹದ ಚೂರು. ಈ ಚೂರಿನ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈ ಮೈಯ ಇನ್ನೊಂದು ಗುಣವನ್ನು ವೇಗದ ಕ್ಯಾಮೆರಾಗಳು ತೋರಿಸಿದವು. ಗುಂಡು ಹಾರಿದಾಗ ಫ್ರೇಮ್ ಕೊಂಚ ಬಳುಕುತ್ತದೆ. ಏಟಿನ ಚುರುಕು ಅಷ್ಟರಮಟ್ಟಿಗೆ ಕಡಿಮೆ. ಹಾಗೆಂದು ಎಲ್ಲ ಲಾಭವೇ ಅಲ್ಲ. ಹಗುರಾದ ಪಿಸ್ತೂಲು ಹೆಚ್ಚು ಒದೆಯುತ್ತದೆ. ಮ್ಯಾಗಜೀನ್ ಖಾಲಿಯಾಗುತ್ತ ಬಂದಂತೆ ಕೆಳಗೆ ತೂಕವಿಲ್ಲ, ಮೇಲೆ ಉಕ್ಕಿನ ಭಾರ. ಉಕ್ಕಿನ ಫ್ರೇಮ್‌ನ ಸಮತೋಲಕ್ಕೆ ಒಗ್ಗಿದ ಹಳಬರು ಗೊಣಗಿದ್ದರಲ್ಲಿ ಅರ್ಥವಿದೆ.

ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ನಿಲ್ಲಿಸಿದ ಜೀಪಿನೊಳಗೆ ಕರಗಿಹೋದರೆ ಎಂಬ ಆತಂಕ ಬೇಡ. ನೈಲಾನ್ 66 ಎಂಬ ಪ್ಲಾಸ್ಟಿಕ್ ಕರಗುವುದು 260 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಗಾಳಿಯ ತೇವ ಹೀರುವ ಚಟವೂ ನೈಲಾನ್‌ಗಿದೆ. ಅದು ದೋಷವಲ್ಲ. ಪೂರ್ತಿ ಒಣಗಿದ ನೈಲಾನ್ ಪೆಡಸು, ತುಸು ತೇವ ಕುಡಿದದ್ದು ಗಟ್ಟಿಮುಟ್ಟು. ಕಪ್ಪು ಬಣ್ಣವೂ ಬರೀ ಚೆಂದಕ್ಕಲ್ಲ. ಬೆರೆಸುವ ಇಂಗಾಲದ ಪುಡಿ ಬಿಸಿಲಿನ ನೇರಳಾತೀತ ಕಿರಣಗಳಿಂದ ಪ್ಲಾಸ್ಟಿಕ್ಕನ್ನು ಕಾಯುತ್ತದೆ.

▪ ಬಾಕ್ಸ್: ಸೊಂಟದ ಭಾರ

ಖಾಲಿ ಪಿಸ್ತೂಲಿನ ಅಂದಾಜು ತೂಕ: ಅಮೆರಿಕ ಸೇನೆಯ ಹಳೆಯ ಉಕ್ಕಿನ ಎಂ1911, 1,100 ಗ್ರಾಂ. ಅದರ ನಂತರ ಬಂದ ಅಲ್ಯುಮಿನಿಯಂ ಫ್ರೇಮ್‌ನ ಬೆರೆಟ್ಟಾ ಎಂ9, 950 ಗ್ರಾಂ. ಪ್ಲಾಸ್ಟಿಕ್‌ನ ಚೊಚ್ಚಲ ಕೂಸು ವಿಪಿ70, 820 ಗ್ರಾಂ. ಗ್ಲಾಕ್ 17, 700 ಗ್ರಾಂ. ಎಂ1911ರಲ್ಲಿ ಮ್ಯಾಗಜೀನ್‌ಗೆ ಏಳು ಗುಂಡು, ಗ್ಲಾಕ್‌ನಲ್ಲಿ 17.

ಉಕ್ಕಿಲ್ಲದ ಹಳಿ, ಉಕ್ಕಿನ ತೊಟ್ಟಿಲು

ಗ್ಲಾಕ್ ಗೆದ್ದದ್ದೇ ತಡ, ಎಲ್ಲರಿಗೂ ಪ್ಲಾಸ್ಟಿಕ್ ಬೇಕಾಯಿತು. 1994ರಲ್ಲಿ ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್ ‘ಸಿಗ್ಮಾ’ ಎಂಬುದನ್ನು ತಂದಿತು. ಗ್ಲಾಕ್‌ಗೆ ಎಷ್ಟು ಹೋಲುತ್ತಿತ್ತೆಂದರೆ ಗ್ಲಾಕ್ ಕೋರ್ಟಿಗೆ ಹೋಯಿತು. 1997ರಲ್ಲಿ ರಾಜಿಯಾಯಿತು. ವಿನ್ಯಾಸವನ್ನು ಸ್ಮಿತ್ ಆ್ಯಂಡ್ ವೆಸನ್ ತಿದ್ದಿಕೊಂಡಿತು.

ನಕಲು ಬಿಡಿ. ನಿಜವಾಗಿ ಬೇರೆ ದಾರಿ ತುಳಿದವರ ಕಥೆ ರುಚಿಯಾಗಿದೆ.

ಅಮೆರಿಕದ ರೂಗರ್ ಕಂಪನಿ 1996ರಲ್ಲಿ ‘ಪಿ95’ ತಂದಾಗ ಹಳಿಗೂ ಉಕ್ಕು ಬೇಡ ಎಂದಿತು. ಗಾಜಿನ ಎಳೆಗಳನ್ನು ಬೆರೆಸಿದ ಪ್ಲಾಸ್ಟಿಕ್ ಫ್ರೇಮ್, ಅದರದೇ ಹಳಿ. ಉಕ್ಕಿನ ಸ್ಲೈಡ್ ಪ್ಲಾಸ್ಟಿಕ್ ಮೇಲೆಯೇ ಓಡಬೇಕು. ಸವೆದು ಹೋದೀತು ಎಂದವರೇ ಹೆಚ್ಚು. ಸವೆಯಲಿಲ್ಲ. ಡುಮ್ಮಗೆ, ಚೆಂದಗೇಡಿಯಾಗಿದ್ದರೂ ಕಡಿಮೆ ಬೆಲೆಯ ಆ ಪಿಸ್ತೂಲು ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಮಾರಾಟವಾಯಿತು. ಪ್ಲಾಸ್ಟಿಕ್‌ನ ತಾಕತ್ತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೂ ಈ ದಾರಿಯಲ್ಲಿ ಹೆಚ್ಚು ಜನ ಹಿಂಬಾಲಿಸಲಿಲ್ಲ. ಕೊಳ್ಳುವವನ ಕಣ್ಣಿಗೆ ಒಂದಿಷ್ಟು ಉಕ್ಕು ಕಾಣಬೇಕು, ಮನಸ್ಸಿನ ಸಮಾಧಾನಕ್ಕೆ.

ಹೆಕ್ಲರ್ ಆ್ಯಂಡ್ ಕಾಖ್ ಮರಳಿ ಯತ್ನ ಮಾಡಿದ್ದು 1993ರಲ್ಲಿ, ‘ಯುಎಸ್‌ಪಿ’ ಮೂಲಕ. ವಿಪಿ70ರ ಪಾಠ ಕಲಿತಿದ್ದರು. ಹಳೆಯ ಸುತ್ತಿಗೆ ಟ್ರಿಗರ್ ಇಟ್ಟುಕೊಂಡು ಫ್ರೇಮನ್ನು ಮಾತ್ರ ಪ್ಲಾಸ್ಟಿಕ್ ಮಾಡಿದರು. ಟಾರ್ಚ್ ಸಿಕ್ಕಿಸಲು ಮುಂಭಾಗದಲ್ಲೇ ಗೀರು ಕೊಟ್ಟರು. ಅಚ್ಚಿನಲ್ಲೇ ಬಂದುಬಿಡುವ ಗೀರಿಗೆ ಹೆಚ್ಚುವರಿ ಕೂಲಿ ಏನಿದೆ?

1999ರ ಆಸ್ಟ್ರಿಯಾದ ‘ಸ್ಟೈಯರ್ ಎಂ’ ಇನ್ನೊಂದು ತುದಿ. ವಿಲ್ಹೆಲ್ಮ್ ಬುಬಿಟ್ಸ್ ರೂಪಿಸಿದ ಈ ಪಿಸ್ತೂಲಿನಲ್ಲಿ ಚೂರುಪಾರು ಉಕ್ಕನ್ನು ಹೂಳುವ ಬದಲು ಹಳಿ, ಟ್ರಿಗರ್‌ನ ಅಂಗಾಂಗ ಎಲ್ಲವೂ ಕೂತಿರುವ ಒಂದು ಉಕ್ಕಿನ ತೊಟ್ಟಿಲನ್ನೇ ಮಾಡಿ ಪ್ಲಾಸ್ಟಿಕ್ ಮೈಯೊಳಗೆ ಇಳಿಸಿದರು. ನಳಿಗೆ ಅಂಗೈಗೆ ತೀರ ಹತ್ತಿರ ಕೂತಿತು. ಹೀಗಾದರೆ ಗುಂಡು ಹಾರಿದಾಗ ಮೂತಿ ಮೇಲೆಗರುವುದು ಕಡಿಮೆ. ನನ್ನ ಪ್ರಕಾರ ಈ ಇಡೀ ವಂಶದಲ್ಲಿ ತಕ್ಕ ಗೌರವ ಸಿಗದೆ ಹೋದ ವಿನ್ಯಾಸ ಇದು. ಗ್ಲಾಕ್‌ನ ದೇಶದಲ್ಲೇ ಹುಟ್ಟಿದ್ದು ಅದರ ದುರದೃಷ್ಟ.

ಸಂಖ್ಯೆ ಸ್ಥಳ ಬದಲಿಸಿತು

ತೊಟ್ಟಿಲನ್ನು ಹೊರಗೆತ್ತಿ ಬೇರೆ ಮೈಯೊಳಗೆ ಇಟ್ಟರೆ?

ಈ ಪ್ರಶ್ನೆಯನ್ನು ಪಟ್ಟಾಗಿ ಹಿಡಿದದ್ದು ಸಿಗ್ ಸೌವರ್ ಕಂಪನಿ. 2007ರ ‘ಪಿ250’ ಪೇಟೆಯಲ್ಲಿ ಅಷ್ಟಾಗಿ ನಡೆಯಲಿಲ್ಲ. 2014ರ ‘ಪಿ320’ ನಡೆಯಿತು. ಟ್ರಿಗರ್ ಮತ್ತು ಹಳಿ ಎಲ್ಲ ಸೇರಿದ ಉಕ್ಕಿನ ಪುಟ್ಟ ಘಟಕ ಅದರ ಹೃದಯ. ಕ್ರಮಸಂಖ್ಯೆ ಇರುವುದು ಆ ಘಟಕದ ಮೇಲೆ. ಪ್ಲಾಸ್ಟಿಕ್ ಹಿಡಿಯ ಪಕ್ಕದಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ, ಅದರಲ್ಲಿ ಸಂಖ್ಯೆ ಇಣುಕುತ್ತದೆ.

ಸಂಖ್ಯೆ ಹೀಗೆ ಒಂದಿಂಚು ಒಳಗೆ ಸರಿದದ್ದರಿಂದ ಎಲ್ಲವೂ ತಿರುಗುಮುರುಗಾಯಿತು. ಗ್ಲಾಕ್‌ನಲ್ಲಿ ಪ್ಲಾಸ್ಟಿಕ್ ಮೈಯೇ ಬಂದೂಕು. ಇಲ್ಲಿ ಪ್ಲಾಸ್ಟಿಕ್ ಬರೀ ಅಂಗಿ. ದೊಡ್ಡದು, ಚಿಕ್ಕದು, ಕಂದು, ಕಪ್ಪು, ಬೇಕಾದ್ದನ್ನು ಅಂಗಡಿಯಿಂದ ತಂದು ತೊಡಿಸಬಹುದು. ಅಮೆರಿಕದ ಕಾನೂನು ಅದನ್ನು ಆಯುಧವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

2017ರ ಜನವರಿಯಲ್ಲಿ ಅಮೆರಿಕದ ಸೇನೆ 1985ರಿಂದ ಬಳಸುತ್ತಿದ್ದ ಬೆರೆಟ್ಟಾವನ್ನು ಬಿಟ್ಟು ಇದರ ರೂಪಾಂತರವನ್ನು ‘ಎಂ17’ ಎಂದು ಆರಿಸಿಕೊಂಡಿತು. 58 ಕೋಟಿ ಡಾಲರ್‌ವರೆಗಿನ ಗುತ್ತಿಗೆ. ಗ್ಲಾಕ್ ಸೋತಿತು. ಕೆಲವೇ ತಿಂಗಳಲ್ಲಿ, ಬಿದ್ದರೆ ಪಿ320 ತಾನಾಗಿ ಹಾರುತ್ತದೆ ಎಂಬ ದೂರುಗಳೆದ್ದವು. ಅದೇ ಆಗಸ್ಟ್‌ನಲ್ಲಿ ಕಂಪನಿ ಟ್ರಿಗರ್ ಭಾಗಗಳನ್ನು ಬದಲಿಸಿಕೊಡುವ ಯೋಜನೆ ಘೋಷಿಸಿತು. ಮೊಕದ್ದಮೆಗಳು ಆಮೇಲೂ ಬೆಂಬಿಡಲಿಲ್ಲ. ಆ ಜಗಳದಲ್ಲಿ ಪ್ಲಾಸ್ಟಿಕ್ ಆರೋಪಿಯಲ್ಲ, ಒಳಗಿನ ಉಕ್ಕಿನ ಮೇಲೆಯೇ ಆರೋಪ.

ಫ್ರೇಮೇ ಬಂದೂಕು ಎಂಬ ವ್ಯಾಖ್ಯೆಯ ಕರಾಳ ಮುಖ ಬೇರೆ ಇದೆ. ಅರೆಬರೆ ಸಿದ್ಧವಾದ ಪ್ಲಾಸ್ಟಿಕ್ ಫ್ರೇಮ್, ಪೂರ್ತಿಯಾಗಿಲ್ಲದ ಕಾರಣ, ಬಂದೂಕಲ್ಲ ಎಂಬ ವಾದ ಮಾಡಿ ಕ್ರಮಸಂಖ್ಯೆಯೇ ಇಲ್ಲದ ಕಿಟ್‌ಗಳನ್ನು ಅಮೆರಿಕದಲ್ಲಿ ಬಹಿರಂಗವಾಗಿ ಮಾರಿದರು. ಪೊಲೀಸರು ‘ಭೂತ ಬಂದೂಕು’ ಎಂದು ಕರೆದದ್ದು ಇವುಗಳಿಂದಾದ ಪಿಸ್ತೂಲುಗಳನ್ನೇ. ಯಾರು ಮಾಡಿದರು, ಯಾರಿಗೆ ಮಾರಿದರು ಎಂಬ ಜಾಡೇ ಸಿಗದು. ಇಂಥ ಕಿಟ್‌ಗಳನ್ನೂ ಬಂದೂಕಿನ ಲೆಕ್ಕಕ್ಕೆ ತರುವ ನಿಯಮ 2022ರಲ್ಲಿ ಬಂತು. 2025ರ ಮಾರ್ಚ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. 1988ರ ಕಾನೂನು ಹೆದರಿದ್ದು ಕಾಣದ ಪಿಸ್ತೂಲಿಗೆ. ನಿಜವಾಗಿ ಕಾಡಿದ್ದು ಸಂಖ್ಯೆಯಿಲ್ಲದ ಪಿಸ್ತೂಲು.

ಬೆರಳ ಗುಳಿಯ ಪಾಠ

ಪ್ಲಾಸ್ಟಿಕ್‌ನ ದೊಡ್ಡ ಉಪಕಾರ ತೂಕದ್ದೂ ಅಲ್ಲ, ಬೆಲೆಯದ್ದೂ ಅಲ್ಲ ಎಂದು ನನಗನಿಸುತ್ತದೆ. ಅದು ಅಂಗೈಗೆ ಮಾಡಿದ ಉಪಕಾರ.

ಉಕ್ಕಿನ ಪಿಸ್ತೂಲಿನ ಹಿಡಿ ಎಷ್ಟಿದೆಯೋ ಅಷ್ಟೇ. ಪಕ್ಕದ ಮರದ ಪಟ್ಟಿ ತೆಳ್ಳಗೆ ಮಾಡಿಸಬಹುದಿತ್ತು, ಮುಗಿಯಿತು. ವಾಲ್ಟರ್ ಕಂಪನಿ 1990ರ ದಶಕದ ನಡುವೆ ‘ಪಿ99’ ತಂದಾಗ ಹಿಡಿಯ ಬೆನ್ನನ್ನೇ ಬಿಚ್ಚಿ ಬದಲಿಸುವ ಸೌಲಭ್ಯ ಕೊಟ್ಟಿತು. ಚಿಕ್ಕ ಕೈಗೆ ಚಿಕ್ಕ ಬೆನ್ನು, ದೊಡ್ಡ ಕೈಗೆ ದೊಡ್ಡದು. ಜನ ಈ ಪಿಸ್ತೂಲನ್ನು ನೆನಪಿಟ್ಟುಕೊಂಡದ್ದು 1997ರ ‘ಟುಮಾರೋ ನೆವರ್ ಡೈಸ್’ ಚಿತ್ರದಲ್ಲಿ ಜೇಮ್ಸ್ ಬಾಂಡ್ ಹಿಡಿದ ಕಾರಣಕ್ಕೆ. ಆದರೆ ಅದರ ಅಸಲು ಕೊಡುಗೆ ಆ ಬೆನ್ನಿನ ತುಂಡು. 2006ರ ಹೊತ್ತಿಗೆ ಹೆಕ್ಲರ್ ಆ್ಯಂಡ್ ಕಾಖ್ ತನ್ನ ‘ಪಿ30’ಯಲ್ಲಿ ಎರಡೂ ಪಕ್ಕೆಗಳನ್ನೂ ಬದಲಿಸಿಕೊಳ್ಳುವಂತೆ ಮಾಡಿತು.

ಗ್ಲಾಕ್ ಮಾತ್ರ ಹಟಮಾರಿ. ಮೂರನೇ ಪೀಳಿಗೆಯಲ್ಲಿ ಹಿಡಿಯ ಮುಂದೆ ಬೆರಳು ಕೂರಲು ಗುಳಿಗಳನ್ನು ಮಾಡಿತು. ಯಾರ ಬೆರಳು? ಯಾವನೋ ಸರಾಸರಿ ಮನುಷ್ಯನದು. ಅವನಿಗಿಂತ ತೆಳ್ಳನೆಯ, ದಪ್ಪನೆಯ ಬೆರಳಿನವರಿಗೆ ಗುಳಿಯ ಬದಲು ದಿಣ್ಣೆಗಳೇ ಸಿಕ್ಕವು. ಬೆನ್ನು ಬದಲಿಸುವ ಸೌಲಭ್ಯ ಬರಲು 2010 ಆಗಬೇಕಾಯಿತು. 2016ರಲ್ಲಿ ಎಫ್‌ಬಿಐ ಕೊಂಡ ಗ್ಲಾಕ್‌ಗಳಲ್ಲಿ ಗುಳಿಗಳಿರಲಿಲ್ಲ. ಮರುವರ್ಷ ಬಂದ ಐದನೇ ಪೀಳಿಗೆಯಲ್ಲೂ ಅವು ಮಾಯ. ಕಂಪನಿ ತಪ್ಪು ಒಪ್ಪಿಕೊಂಡ ಬಗೆ ಅದು, ಅಚ್ಚು ಬದಲಿಸಿ.

▪ ಬಾಕ್ಸ್: ಗ್ಲಾಕ್ ಹಿಡಿಯ ಪೀಳಿಗೆಗಳು

ಮೊದಲನೆಯದು (1982): ಸಣ್ಣ ಹರಳಿನ ಮೈ. ಎರಡನೆಯದು (1988): ಮುಂದೆ ಹಿಂದೆ ಚೌಕುಳಿ ಗೀರು. ಮೂರನೆಯದು (1990ರ ದಶಕದ ಕೊನೆ): ಬೆರಳ ಗುಳಿ, ಟಾರ್ಚ್ ಸಿಕ್ಕಿಸುವ ಹಳಿ. ನಾಲ್ಕನೆಯದು (2010): ಬದಲಿಸಬಲ್ಲ ಬೆನ್ನು. ಐದನೆಯದು (2017): ಗುಳಿಗೆ ವಿದಾಯ.

ಇಷಾಪುರದಿಂದ ಮುಂದಕ್ಕೆ

ಭಾರತದಲ್ಲಿ ಸೇನೆ, ಪೊಲೀಸರ ಸೊಂಟದಲ್ಲಿ ದಶಕಗಳಿಂದ ಇರುವುದು ಬಂಗಾಳದ ಇಷಾಪುರ ರೈಫಲ್ ಕಾರ್ಖಾನೆಯ 9 ಎಂಎಂ ಪಿಸ್ತೂಲು. 1935ರ ಬ್ರೌನಿಂಗ್ ಹೈ-ಪವರ್‌ನ ಪಡಿಯಚ್ಚು. ಪೂರಾ ಉಕ್ಕು, ಒಂದು ಕಿಲೋಗೆ ತುಸು ಕಡಿಮೆ. ಇದೇ ಹೈ-ಪವರ್ ಬಳಸುತ್ತಿದ್ದ ಬ್ರಿಟಿಷ್ ಸೇನೆ 2013ರಲ್ಲಿ ಅದನ್ನು ಕೈಬಿಟ್ಟು ಗ್ಲಾಕ್ 17 ತೆಗೆದುಕೊಂಡಿತು. ನಮ್ಮಲ್ಲಿ ಗ್ಲಾಕ್ ಹೆಚ್ಚಾಗಿ ಸಿಕ್ಕಿರುವುದು ಎನ್‌ಎಸ್‌ಜಿಯಂಥ ವಿಶೇಷ ಪಡೆಗಳಿಗೆ.

ದೇಶೀ ಪ್ರಯತ್ನ ಇಲ್ಲವೆಂದಲ್ಲ. 2021ರ ಜನವರಿಯಲ್ಲಿ ಡಿಆರ್‌ಡಿಒ ಮತ್ತು ಮಹೂವಿನ ಪದಾತಿ ಶಾಲೆ ಕೂಡಿ ‘ಅಸ್ಮಿ’ ಎಂಬ ಮಷಿನ್ ಪಿಸ್ತೂಲನ್ನು ಹೊರತಂದವು. ಅದರ ಮೇಲಿನ ಮೈ ವಿಮಾನ ದರ್ಜೆಯ ಅಲ್ಯುಮಿನಿಯಂ, ಕೆಳಗಿನ ಮೈ ಕಾರ್ಬನ್ ಫೈಬರ್. 2024ರಲ್ಲಿ ಸೇನೆಯ ಉತ್ತರ ಕಮಾಂಡ್ 550 ಅಸ್ಮಿಗಳಿಗೆ ಆರ್ಡರ್ ಕೊಟ್ಟಿತು. ತಯಾರಕರು ಹೈದರಾಬಾದಿನ ಲೋಕೇಶ್ ಮಷೀನ್ಸ್. ಆದರೆ ಅದು ಠಾಣೆಯ ಎಎಸ್‌ಐ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಆಯುಧವಲ್ಲ.

ಇಂದಲ್ಲ ನಾಳೆ ರಾಜ್ಯಗಳ ಪೊಲೀಸ್ ಪಡೆಗಳೂ ಪ್ಲಾಸ್ಟಿಕ್ ಫ್ರೇಮ್‌ಗೆ ಬರಲೇಬೇಕು. ಟೆಂಡರ್ ಕರೆಯುವವರಿಗೆ ಒಂದೇ ವಿನಂತಿ. ಎಷ್ಟು ಗ್ರಾಂ ಹಗುರ, ಎಷ್ಟು ಗುಂಡು ಹಿಡಿಯುತ್ತದೆ ಎಂದು ಕೇಳುವ ಮೊದಲು, ಎಷ್ಟು ಅಳತೆಯ ಹಿಡಿ ಕೊಡುತ್ತೀರಿ ಎಂದು ಕೇಳಿ. ಅದಕ್ಕೂ ಮೊದಲು ನಮ್ಮ ಮಹಿಳಾ ಕಾನ್‌ಸ್ಟೆಬಲ್‌ಗಳ ಅಂಗೈ ಅಳೆದು ನೋಡಿ.